ಬೆಳಕು ಸೂಸಿದ ಪಾಲಿಮರ್: ರಿಚರ್ಡ್ ಫ್ರೆಂಡ್ ಅವರ ಸಂಶೋಧನೆಯ ಹಾದಿ



 ಇಂದು ಒಬ್ಬ ವಿಜ್ಞಾನಿಯ ಕೆಲಸವನ್ನು ನಿಮ್ಮ ಮುಂದೆ ಬಿಡಿಸಿ ಇಡಬೇಕೆಂದಿದ್ದೇನೆ. ಅವರು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸರ್ ರಿಚರ್ಡ್ ಫ್ರೆಂಡ್. 1953ರಲ್ಲಿ ಹುಟ್ಟಿದ ಇವರು 1995ರಿಂದ 2020ರವರೆಗೆ ಅಲ್ಲಿನ ಕ್ಯಾವೆಂಡಿಶ್ ಪ್ರಯೋಗಾಲಯದ ಪ್ರಧಾನ ಪೀಠದಲ್ಲಿದ್ದವರು. ಸಾವಯವ ಅರೆವಾಹಕಗಳು, ಅಂದರೆ ವಿದ್ಯುತ್ತನ್ನು ಹರಿಸಬಲ್ಲ, ಬೆಳಕನ್ನು ಸೂಸಬಲ್ಲ ಇಂಗಾಲದ ಸಂಯುಕ್ತಗಳು, ಅವರ ಜೀವಮಾನದ ಅಧ್ಯಯನದ ವಸ್ತು.

ಪೂರ್ತಿ ಜೀವನಚರಿತ್ರೆಯನ್ನು ಹೇಳಲು ನಾನು ಹೊರಟಿಲ್ಲ. ಮೊದಲು ಈ ವಸ್ತುಗಳ ಒಳಗುಟ್ಟು ಏನೆಂದು ನೋಡೋಣ. ಆಮೇಲೆ 1989ರಲ್ಲಿ ಕೇಂಬ್ರಿಡ್ಜಿನಲ್ಲಿ ಒಂದು ಪಾಲಿಮರ್ ಪದರ ಬೆಳಗಿದ ಸಂಗತಿಗೆ ಬರುತ್ತೇನೆ. ಮೂರನೆಯದಾಗಿ, ಆ ಬೆಳಕಿನ ಬಗ್ಗೆ ಭೌತವಿಜ್ಞಾನಿಗಳ ನಡುವೆ ಎದ್ದ ವಾದವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನನ್ನ ಮಟ್ಟಿಗೆ ಇಂದಿನ ಮಾತಿನ ತಿರುಳು ಅಲ್ಲಿದೆ. ಕೊನೆಗೆ ಕಾರ್ಖಾನೆಗಳ ವಿಷಯ, ನಮ್ಮ ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿ ನಡೆದ ಕೆಲಸದ ವಿಷಯ.

ಇಷ್ಟೆಲ್ಲದರ ನಡುವೆ ನಾನು ಎತ್ತಿ ತೋರಿಸಬೇಕೆಂದಿರುವುದು ಒಂದೇ ಸಂಗತಿ. ಉಪಕರಣಗಳನ್ನು ತಯಾರಿಸುವುದು ಎಂಜಿನಿಯರಿನ ಕೆಲಸ, ವಸ್ತುವಿನ ಸ್ವಭಾವವನ್ನು ಅರಿಯುವುದು ವಿಜ್ಞಾನಿಯ ಕೆಲಸ ಎಂದು ನಾವು ಭಾಗ ಮಾಡಿಬಿಟ್ಟಿದ್ದೇವೆ. ಫ್ರೆಂಡ್ ಅವರ ಪ್ರಯೋಗಾಲಯದಲ್ಲಿ ಈ ವಿಭಜನೆ ನಡೆಯಲಿಲ್ಲ. ಅಲ್ಲಿ ಡಯೋಡು, ಟ್ರಾನ್ಸಿಸ್ಟರು, ಸೌರಕೋಶಗಳೆಲ್ಲ ಮೊದಲು ವಸ್ತುವನ್ನು ಪ್ರಶ್ನಿಸುವ ಸಾಧನಗಳಾಗಿದ್ದವು. ಮಾರುಕಟ್ಟೆಯ ಯೋಚನೆ ಆಮೇಲೆ ಬಂತು.

ಈಗ ಮೊದಲ ಭಾಗಕ್ಕೆ ಬರೋಣ.

ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ತಾಮ್ರದ ತಂತಿಗೆ ಅದನ್ನು ಹೊದಿಸುವುದೇ ಆ ಕಾರಣಕ್ಕೆ. ಇಂಗಾಲದ ಪರಮಾಣುವಿನಲ್ಲಿ ಬಂಧಕ್ಕೆ ಒದಗುವ ಎಲೆಕ್ಟ್ರಾನುಗಳು ನಾಲ್ಕು. ಪಾಲಿಥೀನಿನಲ್ಲಿ ನಾಲ್ಕೂ ಬಿಗಿಯಾದ ಬಂಧಗಳಲ್ಲಿ ತೊಡಗಿರುತ್ತವೆ, ಕದಲುವ ಎಲೆಕ್ಟ್ರಾನ್ ಯಾವುದೂ ಉಳಿಯುವುದಿಲ್ಲ. ಏಕಬಂಧ, ದ್ವಿಬಂಧಗಳು ಸರದಿಯಂತೆ ಬರುವ ಸರಪಳಿಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪ್ರತಿ ಇಂಗಾಲದ ಮೂರು ಎಲೆಕ್ಟ್ರಾನುಗಳು ಸರಪಳಿಯ ಚೌಕಟ್ಟನ್ನು ಹಿಡಿದಿಟ್ಟರೆ, ನಾಲ್ಕನೆಯದು ಚೌಕಟ್ಟಿನ ಮೇಲೂ ಕೆಳಗೂ ಹರಡಿಕೊಂಡು ನೆರೆಯ ಪರಮಾಣುಗಳ ಅಂಥವೇ ಎಲೆಕ್ಟ್ರಾನುಗಳ ಜೊತೆ ಬೆರೆಯುತ್ತದೆ. ಕಾಂಜುಗೇಟೆಡ್ ಪಾಲಿಮರುಗಳು ಎನ್ನುವುದು ಇವುಗಳನ್ನೇ.

ಎಲ್ಲ ಬಂಧಗಳೂ ಒಂದೇ ಉದ್ದವಾಗಿದ್ದರೆ ಅಂಥ ಸರಪಳಿ ಲೋಹದಂತೆ ವರ್ತಿಸಬೇಕಿತ್ತು. ನಿಸರ್ಗ ಹಾಗಿಲ್ಲ. ಬಂಧಗಳು ಒಂದು ಉದ್ದ, ಒಂದು ಗಿಡ್ಡ ಎಂಬಂತೆ ಜೋಡಿಯಾದಾಗ ಸರಪಳಿಯ ಒಟ್ಟು ಶಕ್ತಿ ಕಡಿಮೆಯಾಗುತ್ತದೆ, ತುಂಬಿದ ಮಟ್ಟಗಳಿಗೂ ಖಾಲಿ ಮಟ್ಟಗಳಿಗೂ ನಡುವೆ ಒಂದು ಅಂತರ ಮೂಡುತ್ತದೆ. ಅತ್ಯಂತ ಸರಳವಾದ ಪಾಲಿಅಸೆಟಿಲೀನಿನಲ್ಲಿ ಈ ಅಂತರ ಸುಮಾರು 1.5 ಎಲೆಕ್ಟ್ರಾನ್ ವೋಲ್ಟ್. ನಡುನಡುವೆ ಬೆಂಜೀನ್ ಉಂಗುರಗಳಿರುವ ಪಾಲಿಫಿನೈಲೀನ್ ವಿನೈಲೀನಿನಲ್ಲಿ ಸುಮಾರು 2.5. ಈ ಎರಡನೆಯ ಹೆಸರು ಉದ್ದವಾದ್ದರಿಂದ ಎಲ್ಲರೂ ಪಿಪಿವಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಈ ಕ್ಷೇತ್ರಕ್ಕೆ ಜೀವ ಬಂದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು, ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1967ರಲ್ಲಿ ಟೋಕಿಯೊ ತಂತ್ರಜ್ಞಾನ ಸಂಸ್ಥೆಯಲ್ಲಿ ಹಿಡೆಕಿ ಶಿರಾಕಾವಾ ಅವರ ಪ್ರಯೋಗದಲ್ಲಿ ವೇಗವರ್ಧಕ ಬೇಕಾದ್ದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಬಿದ್ದು, ಕಪ್ಪು ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ಪಾಲಿಅಸೆಟಿಲೀನ್ ಹಾಳೆ ಬಂತು. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ಮ್ಯಾಕ್‌ಡಯರ್ಮಿಡ್ ಮತ್ತು ಅಲನ್ ಹೀಗರ್ ಅವರ ಜೊತೆ ಸೇರಿ ಆ ಹಾಳೆಗೆ ಹ್ಯಾಲೊಜನ್ ಅನಿಲ ತಾಕಿಸಿದರು. ಅದರ ವಾಹಕತೆ ಕೋಟಿ ಪಟ್ಟು ಏರಿತು. ಈ ಕೆಲಸಕ್ಕೆ ಮೂವರಿಗೂ 2000ದ ರಸಾಯನವಿಜ್ಞಾನ ನೊಬೆಲ್ ಬಂತು.

ಅಲ್ಲಿಂದ ಹತ್ತು ವರ್ಷ ಈ ಕ್ಷೇತ್ರ ಲೋಹದ ಕನಸಿನಲ್ಲೇ ಓಡಿತು. ತಾಮ್ರದಂತೆ ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಬೇಕು ಎಂಬುದೇ ಎಲ್ಲರ ಗುರಿ. ಅದಕ್ಕಾಗಿ ಪಾಲಿಮರಿನೊಳಕ್ಕೆ ಅನ್ಯ ಅಣುಗಳನ್ನು ಹೆಚ್ಚು ಹೆಚ್ಚು ತುಂಬುತ್ತ ಹೋದರು. ಕೇಂಬ್ರಿಡ್ಜಿನಲ್ಲಿ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಏನನ್ನೂ ಬೆರೆಸದ ಶುದ್ಧ ಪಾಲಿಮರನ್ನು ಸಿಲಿಕಾನಿನಂತೆ ಅರೆವಾಹಕವೆಂದೇ ಪರಿಗಣಿಸಿ, ಅದರಿಂದ ಉಪಕರಣ ಮಾಡಿದರೆ ಹೇಗೆ ಎಂದು ಕೇಳಿದರು. ಇಲ್ಲಿಂದ ಎರಡನೆಯ ಭಾಗ ಶುರುವಾಗುತ್ತದೆ.

ಫ್ರೆಂಡ್ ಅವರ ಪಿಎಚ್.ಡಿ. ಸಂಶೋಧನೆ ಪಾಲಿಮರುಗಳ ಮೇಲೆ ಆದದ್ದಲ್ಲ. ಕ್ಯಾವೆಂಡಿಶ್‌ನಲ್ಲಿ ಯೋಫಿ ಅವರ ಮಾರ್ಗದರ್ಶನದಲ್ಲಿ ಅವರು ಅಭ್ಯಸಿಸಿದ್ದು ಪದರ ಪದರವಾದ ಲೋಹ ಸಂಯುಕ್ತಗಳನ್ನು. ಆ ಪದರಗಳ ನಡುವೆ ಬೇರೆ ಪರಮಾಣುಗಳನ್ನು ಸೇರಿಸಿದರೆ ಎಲೆಕ್ಟ್ರಾನುಗಳು ಪದರಕ್ಕೆ ದಾಟಿ ಇಡೀ ಸಂಯುಕ್ತದ ಗುಣ ಬದಲಾಗುತ್ತದೆ. ಆಮೇಲೆ ಪ್ಯಾರಿಸ್ ಬಳಿಯ ಒರ್ಸೇಯಲ್ಲಿ ದೆನಿ ಜೆರೋಮ್ ಅವರ ಗುಂಪಿನೊಂದಿಗೆ ಸಾವಯವ ಹರಳುಗಳನ್ನು ಭಾರೀ ಒತ್ತಡದಲ್ಲಿ ಅಳೆದರು. ಅದೇ ಗುಂಪು 1980ರಲ್ಲಿ ಮೊದಲ ಸಾವಯವ ಅತಿವಾಹಕವನ್ನು ಕಂಡದ್ದು. ಹೀಗೆ ಪಾಲಿಮರಿಗೆ ಬರುವ ಹೊತ್ತಿಗೆ ಫ್ರೆಂಡ್ ಅವರಿಗೆ ಎಲೆಕ್ಟ್ರಾನುಗಳು ಒಂದೆರಡು ದಿಕ್ಕುಗಳಲ್ಲಷ್ಟೇ ಓಡಾಡಬಲ್ಲ ವಸ್ತುಗಳ ಪರಿಚಯ ಚೆನ್ನಾಗಿತ್ತು.

ಕ್ಯಾವೆಂಡಿಶ್ ಪೀಠದ ಇತಿಹಾಸವನ್ನೂ ಇಲ್ಲಿ ನೆನೆಯಬೇಕು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು ಈ ಪ್ರಯೋಗಾಲಯದಲ್ಲಿ. ಫ್ರೆಂಡ್ ಅವರಿಗಿಂತ ಮುಂಚೆ ಆ ಪೀಠದಲ್ಲಿದ್ದವರ ಪೈಕಿ ನೆವಿಲ್ ಮಾಟ್ ಅವರು ಕ್ರಮವಿಲ್ಲದ ಅರೆವಾಹಕಗಳ ಸಿದ್ಧಾಂತಕ್ಕೆ 1977ರ ನೊಬೆಲ್ ಪಡೆದವರು, ಸ್ಯಾಮ್ ಎಡ್ವರ್ಡ್ಸ್ ಅವರು ಪಾಲಿಮರ್ ಸರಪಳಿಗಳ ಸಿದ್ಧಾಂತ ಕಟ್ಟಿದವರು. ಶುದ್ಧ ಹರಳೇ ಘನವಸ್ತು ಭೌತವಿಜ್ಞಾನದ ಆದರ್ಶ ಎಂದು ಬೇರೆಡೆ ನಂಬಿದ್ದ ಕಾಲದಲ್ಲಿ ಇಲ್ಲಿ ಅಸ್ತವ್ಯಸ್ತ ವಸ್ತುಗಳನ್ನೂ ಗೌರವದಿಂದ ನೋಡುವ ಪರಂಪರೆ ಇತ್ತು. ಪಾಲಿಮರಿನ ತೆಳುಪದರ ಎಂದರೆ ಸಿಕ್ಕುಬಿದ್ದ ಸರಪಳಿಗಳ ಗೋಜಲು. ಅದರಲ್ಲಿ ನಿಖರವಾದ ಭೌತವಿಜ್ಞಾನ ಸಾಧ್ಯ ಎಂದು ನಂಬಲು ಇಂಥ ಹಿನ್ನೆಲೆ ಬೇಕಾಗಿತ್ತು.

ಆದರೆ ನಂಬಿಕೆಯೊಂದರಿಂದಲೇ ಉಪಕರಣ ಆಗುವುದಿಲ್ಲ. ಪಾಲಿಅಸೆಟಿಲೀನ್ ಯಾವ ದ್ರಾವಕದಲ್ಲೂ ಕರಗುವುದಿಲ್ಲ, ಗಾಳಿಗೆ ಒಡ್ಡಿದರೆ ಕೆಡುತ್ತದೆ. ಕರಗದ್ದನ್ನು ತೆಳುವಾಗಿ ಹರಡುವುದು ಹೇಗೆ? ಉತ್ತರ ಕೊಟ್ಟವರು ಡರ್ಹಮ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಜಿಮ್ ಫೀಸ್ಟ್. ಕರಗಬಲ್ಲ ಬೇರೊಂದು ಪಾಲಿಮರನ್ನು ಅವರು ತಯಾರಿಸಿದರು. ಅದರ ದ್ರಾವಣವನ್ನು ತಿರುಗುವ ಗಾಜಿನ ಮೇಲೆ ಹಾಕಿ ಪದರ ಮಾಡಿ ಬಿಸಿ ಮಾಡಿದರೆ ಒಂದು ಸಣ್ಣ ಅಣು ಕಳಚಿ ಹೋಗಿ, ಉಳಿದದ್ದು ಪಾಲಿಅಸೆಟಿಲೀನ್ ಆಗುತ್ತದೆ. ಹೀಗೆ ತಯಾರಾದ ಪದರಗಳಿಂದ ಜೆರೆಮಿ ಬರೋಸ್ ಎಂಬ ಸಂಶೋಧನಾ ವಿದ್ಯಾರ್ಥಿ ಫ್ರೆಂಡ್ ಅವರ ಪ್ರಯೋಗಾಲಯದಲ್ಲಿ ಡಯೋಡು, ಟ್ರಾನ್ಸಿಸ್ಟರುಗಳನ್ನು ಮಾಡಿದರು. 1988ರಲ್ಲಿ ನೇಚರ್ ಪತ್ರಿಕೆಯಲ್ಲಿ ಆ ಕೆಲಸ ಬಂತು.

ಆ ಪ್ರಬಂಧ ಅಷ್ಟಾಗಿ ಪ್ರಸಿದ್ಧವಲ್ಲ, ಆದರೆ ಇಡೀ ಸಂಶೋಧನೆಯ ಕೀಲಿಕೈ ಅಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಪಾಲಿಅಸೆಟಿಲೀನಿನಲ್ಲಿ ಸೇರಿದ ವಿದ್ಯುದಂಶ ಬರಿಯ ಎಲೆಕ್ಟ್ರಾನಾಗಿ ಉಳಿಯುವುದಿಲ್ಲ, ತನ್ನ ಸುತ್ತಲ ಬಂಧಗಳ ಸರದಿಯನ್ನೇ ತಿರುಗಿಸಿ ಸಾಲಿಟಾನ್ ಎಂಬ ರೂಪ ತಾಳುತ್ತದೆ ಎಂದು ಸು, ಶ್ರೀಫರ್ ಮತ್ತು ಹೀಗರ್ 1979ರಲ್ಲಿ ಸಿದ್ಧಾಂತ ಮಂಡಿಸಿದ್ದರು. ಅದನ್ನು ಪರೀಕ್ಷಿಸಲು ಅಯೊಡೀನ್ ಮುಂತಾದವನ್ನು ಬೆರೆಸಿದರೆ, ಕಾಣುವ ಬದಲಾವಣೆ ಸಾಲಿಟಾನಿನದೋ ಬೆರೆಸಿದ ಅಣುವಿನದೋ ಎಂಬ ಸಂಶಯ ಉಳಿದೇ ಉಳಿಯುತ್ತಿತ್ತು. ಟ್ರಾನ್ಸಿಸ್ಟರಿನಲ್ಲಿ ಈ ಸಂಶಯಕ್ಕೆ ಎಡೆಯಿಲ್ಲ. ಅಲ್ಲಿ ಗೇಟಿನ ವೋಲ್ಟೇಜೊಂದರಿಂದಲೇ ವಿದ್ಯುದಂಶವನ್ನು ಪಾಲಿಮರಿನೊಳಕ್ಕೆ ಎಳೆಯಬಹುದು, ಮರಳಿ ಹೊರಹಾಕಬಹುದು. ವೋಲ್ಟೇಜ್ ಕೊಟ್ಟು ಬೆಳಕು ಹಾಯಿಸಿ ನೋಡಿದರು. ಶಕ್ತಿಯ ಅಂತರದ ನಡುವೆ ಹೊಸ ಹೀರಿಕೆ ಕಾಣಿಸಿತು. ಟ್ರಾನ್ಸಿಸ್ಟರನ್ನು ಸಿದ್ಧಾಂತದ ಪರೀಕ್ಷೆಗೆ ಹೀಗೆ ಬಳಸಬಹುದೆಂದು ಅದಕ್ಕೆ ಮುಂಚೆ ಯಾರಾದರೂ ಯೋಚಿಸಿದ್ದರೂ, ಇಷ್ಟು ಸ್ಪಷ್ಟವಾಗಿ ಮಾಡಿ ತೋರಿಸಿರಲಿಲ್ಲ.

ಪಾಲಿಅಸೆಟಿಲೀನ್ ಬೆಳಕು ಸೂಸುವುದಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಪಿಪಿವಿಯ ಮೇಲೆ ಡೋನಲ್ ಬ್ರಾಡ್ಲಿ ಕೆಲಸ ಮಾಡುತ್ತಿದ್ದರು. ಅದನ್ನು ತಯಾರಿಸುವುದಕ್ಕೂ ಕರಗಬಲ್ಲ ಪೂರ್ವರೂಪವೊಂದು ಬೇಕು. ನಿರ್ವಾತದಲ್ಲಿ ಅದನ್ನು ಬಿಸಿ ಮಾಡುವಾಗ ಗಂಧಕದ ಒಂದು ಸಂಯುಕ್ತ ಆವಿಯಾಗಿ ಹೊರಬರುತ್ತದೆ. ಅಡುಗೆ ಅನಿಲಕ್ಕೆ ವಾಸನೆ ಬರಲೆಂದು ಬೆರೆಸುವ ಗಂಧಕದ ಸಂಯುಕ್ತಗಳ ಬಳಗಕ್ಕೇ ಅದು ಸೇರಿದ್ದು. ಈ ರಸಾಯನಕ್ಕೆ ಆಧಾರವಾಗಿ ನಿಂತವರು ಕೇಂಬ್ರಿಡ್ಜಿನಲ್ಲೇ ಇದ್ದ, ಆಸ್ಟ್ರೇಲಿಯಾ ಮೂಲದ ಆಂಡ್ರ್ಯೂ ಹೋಮ್ಸ್.

1989ರಲ್ಲಿ ಬರೋಸ್ ಪಿಪಿವಿ ಪದರದ ವಿದ್ಯುತ್ ಗುಣಗಳನ್ನು ಅಳೆಯುತ್ತಿದ್ದಾಗ ಎರಡು ವಿದ್ಯುದಾಗ್ರಗಳ ನಡುವೆ ಹಸಿರು ಬೆರೆತ ಹಳದಿ ಬೆಳಕು ಕಂಡಿತು. ಆ ಬೆಳಕನ್ನು ಹುಡುಕುವುದು ಪ್ರಯೋಗದ ಉದ್ದೇಶವಾಗಿರಲಿಲ್ಲ. ಕಂಡದ್ದರ ಬೆಲೆ ಮಾತ್ರ ಅವರಿಗೆ ತಕ್ಷಣ ತಿಳಿಯಿತು. ಪ್ರಬಂಧಕ್ಕಿಂತ ಮೊದಲು ಪೇಟೆಂಟ್ ಅರ್ಜಿ ಹೋಯಿತು. 1990ರ ಅಕ್ಟೋಬರಿನಲ್ಲಿ ಎಂಟು ಜನರ ಹೆಸರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಬಂಧ ಬಂತು.

ಆ ಡಯೋಡಿನ ರಚನೆ ಎಷ್ಟು ಸರಳ ನೋಡಿ. ಗಾಜಿನ ಮೇಲೆ ಪಾರದರ್ಶಕವಾದ ಇಂಡಿಯಮ್ ಆಕ್ಸೈಡ್. ಅದರ ಮೇಲೆ ಸುಮಾರು 70 ನ್ಯಾನೊಮೀಟರ್ ದಪ್ಪದ ಪಿಪಿವಿ. ಅದರ ಮೇಲೆ ಅಲ್ಯೂಮಿನಿಯಮ್. 14 ವೋಲ್ಟಿನ ಹತ್ತಿರ ಬಂದಾಗ ಒಂದು ಕಡೆಯಿಂದ ಎಲೆಕ್ಟ್ರಾನುಗಳು, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿಲ್ಲದ ಖಾಲಿ ಸ್ಥಾನಗಳು, ಅಂದರೆ ಹೋಲ್‌ಗಳು, ಒಳಬಂದು ನಡುವೆ ಸಂಧಿಸಿ ಬೆಳಕಾಗುತ್ತಿದ್ದವು. ದಕ್ಷತೆ ಹೆಚ್ಚೆಂದರೆ ಶೇ. 0.05. ಹತ್ತು ಸಾವಿರ ಎಲೆಕ್ಟ್ರಾನುಗಳನ್ನು ಕಳಿಸಿದರೆ ಐದು ಫೋಟಾನುಗಳು ಸಿಗುವಷ್ಟು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತುಗಳಿವೆ. ಸಾವಯವ ವಸ್ತುವಿನಿಂದ ವಿದ್ಯುತ್ ಕೊಟ್ಟು ಬೆಳಕು ಪಡೆದದ್ದು ಇದೇ ಮೊದಲಲ್ಲ. 1963ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಟಿನ್ ಪೋಪ್ ಆಂತ್ರಸೀನ್ ಹರಳಿನಿಂದ ಬೆಳಕು ಪಡೆದಿದ್ದರು, ಅದಕ್ಕೆ ನೂರಾರು ವೋಲ್ಟ್ ಬೇಕಾಗಿತ್ತು. ಬ್ರಿಟನ್ನಿನಲ್ಲೇ ರೋಜರ್ ಪಾರ್ಟ್ರಿಜ್ 1970ರ ದಶಕದಲ್ಲಿ ಇನ್ನೊಂದು ಬಗೆಯ ಪಾಲಿಮರ್ ಪದರದಿಂದ ಬೆಳಕು ಪಡೆದು ಪೇಟೆಂಟ್ ಮಾಡಿದ್ದರು. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್, ಸಣ್ಣ ಅಣುಗಳ ಎರಡು ಪದರಗಳನ್ನು ನಿರ್ವಾತದಲ್ಲಿ ಆವಿಯಾಗಿ ಕೂರಿಸಿ, ಹತ್ತು ವೋಲ್ಟಿಗಿಂತ ಕಡಿಮೆಯಲ್ಲಿ ಶೇ. 1ರಷ್ಟು ದಕ್ಷತೆ ತೋರಿಸಿದ್ದರು. ಇಂದು ನಮ್ಮ ಕಿಸೆಯಲ್ಲಿರುವ ಫೋನುಗಳ ಒಎಲ್‌ಇಡಿ ಪರದೆಗಳು ಬಹುಪಾಲು ಟಾಂಗ್ ಅವರ ವಂಶದವು. ಕೇಂಬ್ರಿಡ್ಜಿನ ಹೊಸತನ ಇರುವುದು ಬೇರೆ ಕಡೆ. ಅರೆವಾಹಕವಾದ ಪಾಲಿಮರಿನ ಉದ್ದನೆಯ ಸರಪಳಿಯೇ ವಿದ್ಯುತ್ತನ್ನೂ ಹೊರುತ್ತದೆ, ಬೆಳಕನ್ನೂ ಸೂಸುತ್ತದೆ, ದ್ರಾವಣದಿಂದ ಹರಡಲೂ ಒದಗುತ್ತದೆ ಎಂದು ಅವರು ತೋರಿಸಿದರು.

ಆಮೇಲಿನ ವರ್ಷಗಳು ವೇಗವಾಗಿ ಸಾಗಿದವು. 1991ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಹೀಗರ್ ಗುಂಪು ನೇರವಾಗಿಯೇ ಕರಗುವ ಪಿಪಿವಿ ಸಂಯುಕ್ತದಿಂದ ಡಯೋಡು ಮಾಡಿತು. 1993ರಲ್ಲಿ ಹೋಮ್ಸ್ ಅವರ ಕಡೆಯವರು ಸರಪಳಿಗೆ ಸೈನೊ ಗುಂಪನ್ನು ಜೋಡಿಸಿ ಎಲೆಕ್ಟ್ರಾನುಗಳು ಸುಲಭವಾಗಿ ಒಳಬರುವಂತೆ ಮಾಡಿದರು. ಆಂತರಿಕ ದಕ್ಷತೆ ಶೇ. 4ಕ್ಕೆ ಏರಿತು. ಮೂರು ವರ್ಷಗಳಲ್ಲಿ ಎಂಬತ್ತು ಪಟ್ಟು. ಭೌತವಿಜ್ಞಾನಿ ಏನು ಬೇಕೆಂದು ಹೇಳುವುದು, ರಸಾಯನವಿಜ್ಞಾನಿ ಅದನ್ನು ಅಣುವಿನಲ್ಲಿ ಬರೆದು ಕೊಡುವುದು ದಿನದಿನದ ವ್ಯವಹಾರವಾಗಿತ್ತು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಈ ಎರಡು ವಿಭಾಗಗಳು ಒಂದೇ ಕಾರಿಡಾರಿನ ಎರಡು ತುದಿಗಳಲ್ಲಿದ್ದೂ ಒಬ್ಬರ ಸೆಮಿನಾರಿಗೆ ಇನ್ನೊಬ್ಬರು ಹೋಗುವುದಿಲ್ಲ. ಎರಡೂ ವಿಭಾಗದವರು ಇಂದು ಒಟ್ಟಿಗೆ ಕುಳಿತಿದ್ದೀರಿ, ಅದರಿಂದ ನನಗೆ ತುಂಬ ಸಂತೋಷವಾಗಿದೆ.

ಈಗ ಮೂರನೆಯ ಭಾಗ. ಸ್ವಲ್ಪ ಕಷ್ಟದ್ದು, ವಿದ್ಯಾರ್ಥಿಗಳು ವಿಶೇಷವಾಗಿ ಗಮನ ಕೊಡಬೇಕು.

ಎಲೆಕ್ಟ್ರಾನು ಮತ್ತು ಹೋಲ್ ಪಾಲಿಮರಿನಲ್ಲಿ ಸಂಧಿಸಿದಾಗ ಏನಾಗುತ್ತದೆ? ಸಿಲಿಕಾನಿನಲ್ಲಿ ಅವುಗಳ ನಡುವಿನ ಸೆಳೆತ ದುರ್ಬಲ, ಕೋಣೆಯ ಉಷ್ಣತೆಯೇ ಅವುಗಳನ್ನು ಬಿಡಿಸಿಬಿಡುತ್ತದೆ. ಪಾಲಿಮರು ವಿದ್ಯುತ್ ಕ್ಷೇತ್ರವನ್ನು ಅಷ್ಟಾಗಿ ತಡೆಯುವುದಿಲ್ಲ, ಆದ್ದರಿಂದ ಎರಡೂ ಒಂದನ್ನೊಂದು ಬಲವಾಗಿ ಸೆಳೆದು ಜೋಡಿಯಾಗಬೇಕು. ಈ ಜೋಡಿಯನ್ನು ಎಕ್ಸೈಟಾನ್ ಎನ್ನುತ್ತಾರೆ. ಸೆಳೆತ ಎಷ್ಟು ಎಂಬುದರ ಮೇಲೆ 1990ರ ದಶಕದಲ್ಲಿ ದೊಡ್ಡ ವಾದವೇ ನಡೆಯಿತು. ಹೀಗರ್ ಮತ್ತು ಸಂಗಡಿಗರು ಪಾಲಿಮರನ್ನು ಸಾಮಾನ್ಯ ಅರೆವಾಹಕದಂತೆ ಕಂಡರು; ಅವರ ಲೆಕ್ಕದಲ್ಲಿ ಬಂಧನಶಕ್ತಿ ಅತ್ಯಲ್ಪ. ಇನ್ನು ಕೆಲವರು ಅದನ್ನು 1 ಎಲೆಕ್ಟ್ರಾನ್ ವೋಲ್ಟಿನವರೆಗೂ ಏರಿಸಿದರು. ಫ್ರೆಂಡ್ ಅವರ ಗುಂಪು ಎಕ್ಸೈಟಾನಿನ ಪಕ್ಷದಲ್ಲಿ ನಿಂತು, ವಾದವನ್ನು ಮತ್ತೆ ಉಪಕರಣಗಳ ಬಳಿಗೇ ಒಯ್ದಿತು.

ಜೋಡಿ ಗಟ್ಟಿಯಾಗಿದ್ದರೆ ಬೆಳಕು ಕೊಡುವ ಡಯೋಡಿಗೆ ಒಳ್ಳೆಯದು, ಸೌರಕೋಶಕ್ಕೆ ಕೆಟ್ಟದ್ದು. ಬಿಸಿಲು ಬಿದ್ದು ಹುಟ್ಟಿದ ಎಕ್ಸೈಟಾನನ್ನು ಒಡೆಯದೆ ವಿದ್ಯುತ್ ಸಿಗುವುದಿಲ್ಲ. ಒಡೆಯಬೇಕಾದರೆ ಎಲೆಕ್ಟ್ರಾನನ್ನು ಹೆಚ್ಚು ಬಯಸುವ ಇನ್ನೊಂದು ವಸ್ತು ಪಕ್ಕದಲ್ಲೇ ಇರಬೇಕು. ಎಕ್ಸೈಟಾನು ತನ್ನ ಆಯುಸ್ಸಿನಲ್ಲಿ ಸಾಗುವುದು ಹತ್ತು ನ್ಯಾನೊಮೀಟರಿನಷ್ಟು ಮಾತ್ರ. ಪದರದ ದಪ್ಪ ಅದರ ಹತ್ತು ಪಟ್ಟು. ಆದ್ದರಿಂದ ಎರಡು ವಸ್ತುಗಳನ್ನು ಒಂದರ ಮೇಲೊಂದು ಹಾಸದೆ ಬೆರೆಸಿಯೇ ಹರಡಬೇಕು. ನಮ್ಮ ಊರುಗಳ ಕಟ್ಟೆಯ ಮೇಲೆ ಅರಳಿ ಮತ್ತು ಬೇವಿನ ಬೇರುಗಳು ಹೆಣೆದುಕೊಂಡರೂ ಎರಡೂ ಮರಗಳು ತಮ್ಮ ತಮ್ಮ ಕಾಂಡಕ್ಕೆ ನೀರು ಸಾಗಿಸುವಂತೆ, ಎರಡು ವಸ್ತುಗಳು ಹೆಣೆದುಕೊಂಡೇ ತಮ್ಮ ತಮ್ಮ ವಿದ್ಯುದಾಗ್ರಕ್ಕೆ ದಾರಿ ಇಟ್ಟುಕೊಂಡಿರಬೇಕು. 1995ರಲ್ಲಿ ಕೇಂಬ್ರಿಡ್ಜಿನಲ್ಲಿ ಎರಡು ಪಾಲಿಮರುಗಳನ್ನು ಬೆರೆಸಿ, ಸಾಂತಾ ಬಾರ್ಬರಾದಲ್ಲಿ ಪಾಲಿಮರಿಗೆ ಫುಲ್ಲರೀನ್ ಬೆರೆಸಿ ಇದನ್ನು ಸಾಧಿಸಿದರು. ಬೆಸೆಯುವ ಸ್ಥಳ ಸಿಕ್ಕ ಕೂಡಲೇ ಎಕ್ಸೈಟಾನ್ ಒಡೆಯಿತು. ಜೋಡಿ ನಿಜವಾಗಿಯೂ ಇದೆ ಎಂಬುದಕ್ಕೆ ಇಂಥ ಪ್ರಯೋಗಗಳು ಒಂದೊಂದಾಗಿ ಬಲ ತುಂಬಿದವು.

ಇದಕ್ಕಿಂತ ಆಳವಾದ ಪ್ರಶ್ನೆ ಸ್ಪಿನ್ನಿನದು. ಎಲೆಕ್ಟ್ರಾನಿಗೂ ಹೋಲ್‌ಗೂ ಸ್ಪಿನ್ ಇದೆ. ಅವು ಯದ್ವಾತದ್ವಾ ಸಂಧಿಸಿದರೆ ನಾಲ್ಕರಲ್ಲಿ ಒಂದು ಜೋಡಿ ಸಿಂಗ್ಲೆಟ್, ಮೂರು ಟ್ರಿಪ್ಲೆಟ್. ಸಿಂಗ್ಲೆಟ್ ಬೆಳಕು ಕೊಡುತ್ತದೆ. ಟ್ರಿಪ್ಲೆಟ್‌ಗೆ ಸ್ಪಿನ್ ಅಡ್ಡಿ, ಅದು ಶಾಖವಾಗಿ ಕಳೆದುಹೋಗುತ್ತದೆ. ಹಾಗಾದರೆ ಪಾಲಿಮರ್ ಎಲ್‌ಇಡಿಯ ದಕ್ಷತೆ ಶೇ. 25 ದಾಟಲಾರದು. ಇದು ಪ್ರಕೃತಿಯ ಕಟ್ಟಾಜ್ಞೆಯೋ, ಪಾಲಿಮರಿನಲ್ಲಿ ಸಡಿಲವಾಗುತ್ತದೆಯೋ? 2001ರಲ್ಲಿ ಫ್ರೆಂಡ್ ಗುಂಪು ಪ್ಲಾಟಿನಮ್ ಇರುವ ಒಂದು ಸಣ್ಣ ಅಣುವನ್ನೂ ಅದೇ ಅಣುವಿನ ಸರಪಳಿಯಾದ ಪಾಲಿಮರನ್ನೂ ಹೋಲಿಸಿ ಅಳೆಯಿತು. ಪ್ಲಾಟಿನಮ್ ಇದ್ದುದರಿಂದ ಟ್ರಿಪ್ಲೆಟ್ಟಿನ ಬೆಳಕೂ ಕಾಣುತ್ತಿತ್ತು, ಎರಡನ್ನೂ ನೇರವಾಗಿ ತೂಗಬಹುದಿತ್ತು. ಸಣ್ಣ ಅಣುವಿನಲ್ಲಿ ಸಿಂಗ್ಲೆಟ್ ಪಾಲು ಶೇ. 22, ಪಾಲಿಮರಿನಲ್ಲಿ ಶೇ. 57. ಸರಪಳಿ ಉದ್ದವಾದಾಗ ಸ್ಪಿನ್ನಿನ ಲೆಕ್ಕ ಬದಲಾಗುತ್ತದೆ ಎಂಬ ಈ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ, ಚರ್ಚೆ ಬಹುಕಾಲ ನಡೆಯಿತು.

ಆ ಚರ್ಚೆಯಲ್ಲಿ ಬೆಂಗಳೂರಿನ ದನಿಯೂ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ರಾಮಶೇಷ ಅವರು ಪ್ರಿನ್ಸ್‌ಟನ್ನಿನ ಜೋಲ್ಟಾನ್ ಸೂಸ್ ಅವರ ಜೊತೆ 1980ರ ದಶಕದಲ್ಲೇ ಇಂಥ ಸರಪಳಿಗಳ ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುವುದನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನಗಳನ್ನು ರೂಪಿಸಿದ್ದರು. ಪಾಲಿಅಸೆಟಿಲೀನ್ ಏಕೆ ಬೆಳಗುವುದಿಲ್ಲ ಎಂದು ಮುಂದೆ ಹೇಳುತ್ತೇನೆ ಎಂದಿದ್ದೆನಲ್ಲ, ಉತ್ತರ ಇರುವುದು ಈ ವಿಕರ್ಷಣೆಯಲ್ಲಿ. ವಿಕರ್ಷಣೆ ಬಲವಾಗಿದ್ದಾಗ ಬೆಳಕು ಕೊಡಬಲ್ಲ ಉತ್ತೇಜಿತ ಸ್ಥಿತಿಯ ಕೆಳಗೆ, ಬೆಳಕು ಕೊಡಲಾರದ ಇನ್ನೊಂದು ಸ್ಥಿತಿ ಬಂದು ಕೂರುತ್ತದೆ. ಶಕ್ತಿ ಅಲ್ಲಿಗೆ ಜಾರಿ ನಂದಿಹೋಗುತ್ತದೆ. ಪಿಪಿವಿಯಲ್ಲಿ ಬೆಂಜೀನ್ ಉಂಗುರಗಳಿಂದಾಗಿ ಈ ಎರಡು ಸ್ಥಿತಿಗಳ ಕ್ರಮ ಅದಲುಬದಲಾಗುತ್ತದೆ. ಸ್ಪಿನ್ನಿನ ವಾದ ಎದ್ದಾಗಲೂ ರಾಮಶೇಷ ಅವರ ಗುಂಪು ಅಮೆರಿಕದ ಸುಮಿತ್ ಮಜುಂದಾರ್ ಅವರೊಡನೆ ಎಲೆಕ್ಟ್ರಾನು–ಹೋಲ್‌ಗಳ ಮಿಲನವನ್ನು ಗಣಿಸಿ 2003ರಲ್ಲಿ ಪ್ರಕಟಿಸಿತು. ಕೇಂಬ್ರಿಡ್ಜಿನ ಅಳತೆಗೆ ಅರ್ಥ ಹುಡುಕುವ ಈ ಕೆಲಸದ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ನೋವಿನ ಸಂಗತಿ.

ಕಾರ್ಖಾನೆಯ ವಿಷಯವನ್ನು ಬೇಗ ಮುಗಿಸುತ್ತೇನೆ. 1992ರಲ್ಲಿ ಫ್ರೆಂಡ್ ಮತ್ತು ಸಂಗಡಿಗರು ಕೇಂಬ್ರಿಡ್ಜ್ ಡಿಸ್‌ಪ್ಲೇ ಟೆಕ್ನಾಲಜಿ ಎಂಬ ಕಂಪನಿ ಕಟ್ಟಿದರು. ದ್ರಾವಣವನ್ನು ಇಂಕ್‌ಜೆಟ್ ಯಂತ್ರದಲ್ಲಿ ಚಿಮುಕಿಸಿ ಪರದೆ ಮುದ್ರಿಸುವುದು ಅವರ ಗುರಿ. ನೀಲಿ ಬೆಳಕಿನ ಪಾಲಿಮರ್ ಬಹುಕಾಲ ಬಾಳುವಂತೆ ಮಾಡುವುದು ಕಷ್ಟವಾಯಿತು, ಅಷ್ಟರಲ್ಲಿ ಸಣ್ಣ ಅಣುಗಳ ಒಎಲ್‌ಇಡಿ ಮುಂದೆ ಹೋಯಿತು. 2007ರಲ್ಲಿ ಜಪಾನಿನ ಸುಮಿಟೊಮೊ ಕೆಮಿಕಲ್ ಈ ಕಂಪನಿಯನ್ನು ಕೊಂಡಿತು. 2000ದಲ್ಲಿ ಹೆನ್ನಿಂಗ್ ಸಿರಿಂಗ್‌ಹೌಸ್ ಅವರೊಂದಿಗೆ ಕಟ್ಟಿದ ಪ್ಲಾಸ್ಟಿಕ್ ಲಾಜಿಕ್ ಕಂಪನಿ, ಪಾಲಿಮರ್ ಟ್ರಾನ್ಸಿಸ್ಟರುಗಳಿಂದ ಬಾಗುವ ಪರದೆ ಮಾಡಲು ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಕಾರ್ಖಾನೆ ತೆರೆಯಿತು. 2010ರ ಜನವರಿಯಲ್ಲಿ ಘೋಷಿಸಿದ ಅದರ ಓದುಪರದೆ, ಅದೇ ವರ್ಷ ಐಪ್ಯಾಡ್ ಬಂದ ಮೇಲೆ ಮಾರುಕಟ್ಟೆಗೆ ಬರಲೇ ಇಲ್ಲ.

ಇದನ್ನು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಾರ್ಖಾನೆಗಳಿಗೆ ಬೇಕಾಗಿದ್ದ ಶುದ್ಧತೆ, ಬಾಳಿಕೆ, ಅಳತೆಯ ಒತ್ತಾಯ ಇಲ್ಲದಿದ್ದರೆ ಪಾಲಿಮರಿನಲ್ಲಿ ವಿದ್ಯುದಂಶ ಎಷ್ಟು ಚುರುಕಾಗಿ ಚಲಿಸಬಲ್ಲದು ಎಂಬ ಜ್ಞಾನ ಇಷ್ಟು ಬೇಗ ಕೂಡಿಬರುತ್ತಿರಲಿಲ್ಲ. 1998ರಲ್ಲಿ ಫ್ರೆಂಡ್ ಅವರ ಗುಂಪಿನವರು ಪಾಲಿಮರ್ ಟ್ರಾನ್ಸಿಸ್ಟರೊಂದರಿಂದ ಪಾಲಿಮರ್ ಎಲ್‌ಇಡಿಯನ್ನು ನಡೆಸಿ ತೋರಿಸಿದರು. 2000ದಲ್ಲಿ ಇಡೀ ಟ್ರಾನ್ಸಿಸ್ಟರ್ ಮಂಡಲವನ್ನೇ ಮುದ್ರಿಸಿದರು. ಇವೆರಡರಿಂದಲೂ ಸರಪಳಿಗಳು ಪದರದಲ್ಲಿ ಯಾವ ದಿಕ್ಕಿಗೆ ಮಲಗಿವೆ ಎಂಬುದೇ ವಾಹಕತೆಯನ್ನು ನಿರ್ಧರಿಸುತ್ತದೆ ಎಂಬ ತಿಳಿವಳಿಕೆ ಗಟ್ಟಿಯಾಯಿತು.

ನಮ್ಮ ಕಡೆ ಬಂದರೆ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸ್ಥಾಪನೆಯಾದದ್ದು ಪಿಪಿವಿ ಬೆಳಗಿದ 1989ರಲ್ಲೇ. ಅಲ್ಲಿ ಪ್ರೊ. ಕೆ. ಎಸ್. ನಾರಾಯಣ್ ಅವರು ಕಟ್ಟಿದ ಪ್ರಯೋಗಾಲಯ ಈ ವಸ್ತುಗಳನ್ನು ತನ್ನದೇ ದಿಕ್ಕಿನಲ್ಲಿ ಪ್ರಶ್ನಿಸಿತು. 2001ರಲ್ಲಿ ಅವರು ಬೆಳಕಿಗೆ ಸ್ಪಂದಿಸುವ ಪಾಲಿಮರ್ ಟ್ರಾನ್ಸಿಸ್ಟರನ್ನು ತೋರಿಸಿದರು. ಪಾಲಿಮರು ಮೃದು, ನೀರಿನ ಸಂಪರ್ಕವನ್ನೂ ಸಹಿಸಬಲ್ಲದು, ಕಣ್ಣು ನೋಡುವ ಬಣ್ಣಗಳಿಗೇ ಸ್ಪಂದಿಸುತ್ತದೆ. ಹಾಗಾದರೆ ಅದನ್ನು ರೆಟಿನಾದ ಜೊತೆ ಇಟ್ಟರೆ? ಇನ್ನೂ ಬೆಳಕಿಗೆ ಸ್ಪಂದಿಸುವ ಹಂತಕ್ಕೆ ಬೆಳೆಯದ ಕೋಳಿ ಭ್ರೂಣದ ರೆಟಿನಾವನ್ನು ಪಾಲಿಮರ್ ಪದರದ ಮೇಲಿರಿಸಿ ಬೆಳಕು ಬೀರಿದಾಗ ನರಕೋಶಗಳು ಮಿಡಿದವು. ಟೆಲ್ ಅವೀವ್ ವಿಶ್ವವಿದ್ಯಾಲಯದ ಯೇಲ್ ಹನೈನ್ ಅವರ ಸಹಯೋಗದ ಈ ಕೆಲಸ 2014ರಲ್ಲಿ ಪ್ರಕಟವಾಯಿತು. ಕೃತಕ ಕಣ್ಣು ಸಿದ್ಧವಾಯಿತು ಎಂದು ಇದರ ಅರ್ಥವಲ್ಲ. ಬೆಳಕು, ಪಾಲಿಮರು, ನರ ಈ ಮೂರರ ನಡುವೆ ಸಂಕೇತ ದಾಟುತ್ತದೆ ಎಂಬುದು ಖಚಿತವಾಯಿತು. ಉಪಕರಣವೇ ಪ್ರಶ್ನೆಯಾಗುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಮತ್ತೆ ಕೇಂಬ್ರಿಡ್ಜಿಗೆ ಹೋಗಿ ಮುಗಿಸುತ್ತೇನೆ. ಟ್ರಿಪ್ಲೆಟ್ ಎಂಬ ತೊಡಕನ್ನು ಫ್ರೆಂಡ್ ಅಲ್ಲಿಗೇ ಬಿಡಲಿಲ್ಲ. ಅದನ್ನು ಮೊದಲು ಲಾಭಕ್ಕೆ ತಿರುಗಿಸಲು ನೋಡಿದರು. ಪೆಂಟಸೀನ್ ಎಂಬ ವಸ್ತುವಿನಲ್ಲಿ ಒಂದು ಸಿಂಗ್ಲೆಟ್ ಒಡೆದು ಎರಡು ಟ್ರಿಪ್ಲೆಟ್‌ಗಳಾಗುತ್ತದೆ. ಅದಕ್ಕೆ ತಗಲುವ ಸಮಯ 80 ಫೆಮ್ಟೊಸೆಕೆಂಡ್ ಎಂದು 2011ರಲ್ಲಿ ಅವರ ಗುಂಪು ಅಳೆಯಿತು. ಒಂದು ಫೋಟಾನಿನಿಂದ ಎರಡು ಎಲೆಕ್ಟ್ರಾನುಗಳನ್ನು ಪಡೆಯುವ ಸೌರಕೋಶಕ್ಕೆ ಇದು ದಾರಿ. ಆಮೇಲೆ ಚೀನಾದ ಜಿಲಿನ್ ವಿಶ್ವವಿದ್ಯಾಲಯದ ಫೆಂಗ್ ಲಿ ಅವರ ಜೊತೆಗೂಡಿ ಸಮಸ್ಯೆಯ ಬುಡಕ್ಕೇ ಕೈಹಾಕಿದರು. ಅಣುವಿನಲ್ಲಿ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನೊಂದು ಇದ್ದರೆ ಸಿಂಗ್ಲೆಟ್, ಟ್ರಿಪ್ಲೆಟ್ ಎಂಬ ಭೇದವೇ ಹುಟ್ಟುವುದಿಲ್ಲ, ನಾಲ್ಕರಲ್ಲಿ ಮೂರು ಪಾಲು ನಷ್ಟದ ಲೆಕ್ಕವೂ ಇಲ್ಲ. ಇಂಥ ರ‍್ಯಾಡಿಕಲ್ ಅಣುಗಳು ಸಾಮಾನ್ಯವಾಗಿ ಅಸ್ಥಿರ, ಬೆಳಗುವುದೂ ಅಪರೂಪ. ಸ್ಥಿರವಾಗಿ ನಿಂತು ಬೆಳಗುವ ಅಣುವನ್ನು ಹುಡುಕಿ ಮಾಡಿದ ಎಲ್‌ಇಡಿ 710 ನ್ಯಾನೊಮೀಟರಿನ ಕಡುಗೆಂಪು ಬೆಳಕನ್ನು ಸೂಸಿತು. ಒಳಗೆ ಹುಟ್ಟಿದ ಉತ್ತೇಜನಗಳು ಹೆಚ್ಚುಕಡಿಮೆ ಎಲ್ಲವೂ ಬೆಳಕಾದವು. 2018ರಲ್ಲಿ ನೇಚರ್ ಅದನ್ನು ಪ್ರಕಟಿಸಿತು. ಅದೇ ಬಗೆಯ ಅಣು ಹಸಿರಿಗೆ, ನೀಲಿಗೆ ಬರುವಂತೆ ಮಾಡುವುದು ಹೇಗೆ ಎಂಬುದು ಈಗ ರಸಾಯನವಿಜ್ಞಾನಿಗಳ ಮೇಜಿನ ಮೇಲಿರುವ ಪ್ರಶ್ನೆ.